ಫ್ರೀಜರಿನೊಳಗೆ ಜೈನಬಿಯ ಪಾಲು

ಮೊರಬ
18 ಮೇ 2025

ಮಗಳು ತಬಸುಮಳಿಗೆ ನಿನ್ನ ಅಮ್ಮನ ಸಲಾಮು.

ನೀನು ಫೋನ್ ಮಾಡಿದ್ದೆಯಂತೆ. ನಿನ್ನ ತಮ್ಮ ದಾನೀಶ್ ತಂದು ನನ್ನ ಕಿವಿಗೆ ಹಿಡಿದ. ಒಣಗಿದ ಎಲೆಯ ಮೇಲೆ ಇಲಿ ಓಡಿದಂಥ ಸದ್ದು ಬಿಟ್ಟರೆ ನನಗೇನೂ ಕೇಳಿಸಲಿಲ್ಲ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಗಾದರೆ ಎದುರಿಗೆ ಕೂತು ಗಟ್ಟಿಯಾಗಿ ಹೇಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಇನ್ನು ಮುಂದೆ ನೀನು ಪತ್ರ ಬರೆ, ನಾನೂ ಬರೆಯುತ್ತೇನೆ. ನನ್ನನ್ನು ಏಳನೇ ಇಯತ್ತೆಯವರೆಗೆ ಕನ್ನಡ ಸಾಲೆಗೆ ಕಳಿಸಿದ ನನ್ನ ಅಪ್ಪನಿಗೂ ಒಂದಿಷ್ಟು ಸವಾಬು, ಪುಣ್ಯ ಸಿಗಲಿ.

ನಿನ್ನೆ ನಮ್ಮ ಮನೆಯಲ್ಲಿ ಗುರವ್ವ ಬೆಚ್ಚಿಬಿದ್ದಳು. ಹಿಂದಿನ ಓಣಿಯ ಶಂಭುಲಿಂಗಪ್ಪನ ಹೆಂಡತಿ, ನಿನಗೆ ಗೊತ್ತಲ್ಲ. ಹೊರಗೆ ಎರೆಮಣ್ಣು ಬಿರುಕು ಬಿಟ್ಟು ಬಾಯಿ ತೆರೆದಿದೆ, ನನ್ನ ಮುಂದೆ ಬುಟ್ಟಿಯಲ್ಲಿ ಹಸಿರು ಹಸಿರು ಹಸಿಕಡಲೆ!

"ಅಯ್ಯ ಶಿವನ! ಇಂಥಾ ಬ್ಯಾಸಿಗ್ಯಾಗ ಹಸಿಕಡ್ಲಿ ಎಲ್ಲಿಂದ ತಂದಿ ಖೈರುನಬಿ?"

"ನಿಮ್ಮ ಹೊಲದ್ದ ಐತಿ ಬೇ. ಸಂಕ್ರಾಂತಿ ಮುಂದ ನೀನ ಕೊಟ್ಟಿದ್ದಿ," ಎಂದೆ. ಅವಳು ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಡಿದು ನೋಡಿದಳು. ಮತ್ತೊಂದು ಕಡಿದಳು. ನಂಬಲೇ ಇಲ್ಲ.

ಎಲ್ಲ ಆ ಫ್ರೀಜರಿನ ಪವಾಡ. ಹುಬ್ಬಳ್ಳಿಯಲ್ಲಿ ಒಂದು ಐಸ್‌ಕ್ರೀಂ ಅಂಗಡಿ ಮುಚ್ಚಿದಾಗ ದಾನೀಶ್ ಅಗ್ಗಕ್ಕೆ ಹೊಡೆದುಕೊಂಡು ಬಂದನಲ್ಲ, ಮೇಲಿಂದ ಬಾಗಿಲು ತೆಗೆಯುವ ಆ ದೊಡ್ಡ ಪೆಟ್ಟಿಗೆ. ಟ್ರ್ಯಾಕ್ಟರ್ ರಿಪೇರಿ ಮಾಡುವವನಿಗೆ ಇದೇಕೆ ಎಂದು ಆಗ ಬೈದಿದ್ದೆ. ಈಗ ಅದರ ಬಾಯಿಗೆ ಏನು ಸಿಕ್ಕರೂ ಹಾಕುತ್ತೇನೆ. ಕಡಲೆಯನ್ನು ಕುದಿಯುವ ನೀರಿನಲ್ಲಿ ಒಂದು ಕುದಿ ಬರಿಸಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ ಚೀಲ ಕಟ್ಟಿದರೆ ಆಯಿತು. ಟೊಮ್ಯಾಟೊ ಬೀದಿಗೆ ಚೆಲ್ಲುವಷ್ಟು ಸೋವಿ ಆದಾಗ ಇಡಿಯಾಗಿಯೇ ಒಳಗೆ. ಉಳಿದ ಬೇಳೆ, ಶುಂಠಿ ಬೆಳ್ಳುಳ್ಳಿ ಅರೆದದ್ದು, ಮಾವಿನ ಹಣ್ಣಿನ ರಸ. ಕರೆಂಟು ಹೋದರೆ ಬಾಗಿಲು ಮಾತ್ರ ತೆಗೆಯಬಾರದು. ರೊಟ್ಟಿಯೊಂದನ್ನು ಇಡುವುದಿಲ್ಲ, ಅದು ಒಣಗಿ ಕಟಕ್ ಎಂದರೇ ಚೆಂದ. ನಮ್ಮ ಮನೆಯಿಂದ ತಿಪ್ಪೆಗೆ ಹೋಗುತ್ತಿದ್ದ ಅನ್ನ ನಿಂತೇ ಹೋಗಿದೆ. ನಿನ್ನ ಅಬ್ಬಾ ಇದ್ದಿದ್ದರೆ ನೋಡಿ ನಗುತ್ತಿದ್ದರು.

ಬಕ್ರೀದಿಗೆ ಬಾ. ಅವರು ಹೋದ ಮೇಲೆ ಇದು ಮೊದಲನೆಯದು.

ನಿನ್ನ ಅಮ್ಮ
ಖೈರುನಬಿ


ಬಮ್ಮಿಗಟ್ಟಿ
29 ಮೇ 2025

ಪ್ರೀತಿಯ ಅಮ್ಮಾ, ಸಲಾಮು.

ನಿನ್ನ ಪತ್ರವನ್ನು ನನ್ನ ಅತ್ತೆಗೆ ಓದಿ ಹೇಳಿದೆ. "ನಿಮ್ಮವ್ವ ಚಾ ಸೋಸಿದ ಪುಡೀನರ ಬಿಟ್ಟಾಳೋ ಇಲ್ಲೋ ಕೇಳು," ಎಂದರು. ಕೇಳಿದ್ದೇನೆ, ಉತ್ತರ ಬರೆ.

ಬಕ್ರೀದಿಗೆ ಬರಲು ಆಗುವುದಿಲ್ಲ. ಮುಬಶಿರಾಳಿಗೆ ಮೈತುಂಬ ನೀರುಗುಳ್ಳೆ ಎದ್ದಿವೆ. ಜ್ವರ ಇಳಿದಿದೆ, ಆದರೆ ಗುಳ್ಳೆ ಒಣಗುವ ತನಕ ಬಸ್ ಹತ್ತಿಸಬಾರದಂತೆ. ಸಾಧಿಕ್ ಅವರು ತಾವೊಬ್ಬರೇ ಹೋಗಿಬರುತ್ತೇನೆ ಎಂದರು. ನಾನಿಲ್ಲದೆ ಅಳಿಯನೊಬ್ಬನೇ ಬಂದರೆ ನೀನು ಅವರಿಗೆ ಉಣಬಡಿಸುವುದರಲ್ಲೇ ಹಬ್ಬ ಮುಗಿಯುತ್ತದೆ ಎಂದು ನಾನೇ ಬೇಡ ಎಂದೆ.

ಅಬ್ಬಾನ ಹೆಸರಿನಲ್ಲಿ ಕುರ್ಬಾನಿ ಮಾಡಿಸುತ್ತೀ ಎಂದು ದಾನೀಶ್ ಹೇಳಿದ. ನಾನು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಸಮಾಧಾನವೂ ಆಯಿತು. ಅವರಿಗೆ ಅದಕ್ಕಿಂತ ಹೆಚ್ಚಿನದನ್ನು ನಾವು ಈಗ ಏನು ಕೊಡಬಲ್ಲೆವು? ಚೆನ್ನಾಗಿ ಮಾಡಿಸು ಅಮ್ಮಾ. ಓಣಿಯ ತುದಿಯ ಜೈನಬಿ ಚಾಚಿಗೆ ನನ್ನ ಸಲಾಮು ಹೇಳು.

ನಿನ್ನ ಮಗಳು
ತಬಸುಮ್


ಮೊರಬ
15 ಜೂನ್ 2025

ಪ್ರೀತಿಯ ತಬಸುಮ್,

ಮಗುವಿನ ಗುಳ್ಳೆ ಒಣಗಿದವೇ? ಬೇವಿನ ಸೊಪ್ಪಿನ ನೀರಿನಲ್ಲಿ ಮೀಯಿಸು. ತುರಿಸಿಕೊಳ್ಳಲು ಬಿಡಬೇಡ, ಹೆಣ್ಣುಮಗು.

ಹಬ್ಬ ಆಯಿತು. ಹೋತ ಚೆನ್ನಾಗಿ ತೂಗಿತು. ಬಿಸ್ಮಿಲ್ಲಾ ಎಂದು, ಕಾಸೀಮಸಾಬ ಎಂದು ನಿನ್ನ ಅಬ್ಬಾನ ಹೆಸರು ಹಿಡಿದಾಗ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಒಳಗೆ ಹೋಗಿಬಿಟ್ಟೆ. ಮೂರು ಪಾಲು ಮಾಡಿಸಿದೆ. ಒಂದು ನಮಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ. ನೆಂಟರದ್ದು ಮಧ್ಯಾಹ್ನದೊಳಗೆ ಅವರವರ ಮನೆ ಸೇರಿತು.

ಬಡವರ ಪಾಲಿನ ವಿಷಯದಲ್ಲಿ ಈ ಸಲ ನಾನೊಂದು ಬುದ್ಧಿ ಓಡಿಸಿದೆ, ಕೇಳು. ಪ್ರತಿ ವರ್ಷ ಆ ಪಾಲು ಜೈನಬಿಗೇ ಹೋಗುತ್ತದೆ. ಅವಳ ಗಂಡ ಅಬ್ದುಲಮಜೀದ ತೀರಿಕೊಂಡ ವರ್ಷದಿಂದ ನಿನ್ನ ಅಬ್ಬಾ ಹಾಕಿಕೊಟ್ಟ ಪದ್ಧತಿ ಅದು. ಒಬ್ಬಳೇ ಹೆಂಗಸು, ಮನೆಯಲ್ಲಿ ಫ್ರಿಜ್ ಇಲ್ಲ. ಅಷ್ಟೊಂದು ಮಾಂಸ ಒಮ್ಮೆಲೇ ತೆಗೆದುಕೊಂಡು ಏನು ಮಾಡುತ್ತಾಳೆ? ಎರಡು ದಿನ ಉಣ್ಣುತ್ತಾಳೆ, ಉಳಿದದ್ದಕ್ಕೆ ಉಪ್ಪು ಅರಿಸಿನ ಸವರಿ ಹಗ್ಗದ ಮೇಲೆ ಒಣಗಹಾಕುತ್ತಾಳೆ. ಹೋದ ವರ್ಷ ಮಳೆ ಹಿಡಿದು ಅರ್ಧಕ್ಕರ್ಧ ಹುಳ ಬಿದ್ದು ಹೋಯಿತು. ಅದನ್ನು ನೋಡಿ ನನ್ನ ಹೊಟ್ಟೆ ಉರಿದಿತ್ತು.

ಅದಕ್ಕೆ ಈ ಸಲ ಅವಳ ಪಾಲನ್ನು ತೊಳೆದು, ಒಬ್ಬರ ಸಾರಿಗೆ ಆಗುವಷ್ಟು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ ಇಟ್ಟಿದ್ದೇನೆ. ವಾರಕ್ಕೊಂದು. ಹಬ್ಬದ ದಿನ ಮಧ್ಯಾಹ್ನ ಅವಳು ಪಾತ್ರೆ ತಂದಾಗ ಹೇಳಿದೆ: "ಜೈನಬಿ, ಇವತ್ತ ಒಯ್ದ ಕೆಡಿಸಿಕೋಬ್ಯಾಡ. ಬರೋ ಶುಕ್ರವಾರದಿಂದ ವಾರಾ ವಾರಾ ಬಾ. ದೀಪಾವಳಿ ಮಟಾ ನಿನಗ ಮಟನ್ನಿನ ಸಾರು." ಅವಳು ಏನೋ ಅಂದಳು, ನನಗೆ ಕೇಳಿಸಲಿಲ್ಲ. ಪಾತ್ರೆಯನ್ನು ಸೆರಗಿನೊಳಗೆ ಹಿಡಿದುಕೊಂಡು ಹೋದಳು. ಮೊದಲಿಗೆ ಅವಳಿಗೆ ಇದರ ಲಾಭ ಹೊಳೆದಂತೆ ಕಾಣಲಿಲ್ಲ. ಮೊನ್ನೆ ಶುಕ್ರವಾರ ಬಂದು ಮೊದಲ ಪೊಟ್ಟಣ ಒಯ್ದಳು.

ಒಂದು ತುಂಡೂ ಹಾಳಾಗಲಿಲ್ಲ ನೋಡು. ನಿನ್ನ ಅಬ್ಬಾನ ಕುರ್ಬಾನಿ ನಾಲ್ಕು ತಿಂಗಳು ಒಬ್ಬ ವಿಧವೆಯ ಹೊಟ್ಟೆ ತುಂಬಿಸುತ್ತದೆ. ಇಂಥ ಯೋಚನೆ ಈ ಊರಿನಲ್ಲಿ ಇನ್ನೊಬ್ಬರಿಗೆ ಬಂದಿದ್ದರೆ ಹೇಳು.

ನಿನ್ನ ಅಮ್ಮ


ಬಮ್ಮಿಗಟ್ಟಿ
2 ಜುಲೈ 2025

ಅಮ್ಮಾ,

ಮುಬಶಿರಾ ಈಗ ಆರಾಮ. ಹಣೆಯ ಮೇಲೆ ಒಂದು ಕಲೆ ಉಳಿದಿದೆ.

ಚಾಚಿಯ ಪಾಲಿನ ಬಗ್ಗೆ ನೀನು ಮಾಡಿದ್ದು ಒಳ್ಳೆಯದೇ ಆಯಿತು. ಹುಳ ಬಿದ್ದು ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ನಮ್ಮತ್ತೆಯೂ ಮೆಚ್ಚಿಕೊಂಡರು. ಇಲ್ಲಿ ಮಳೆ ಜೋರು, ಗದ್ದೆಗಳಲ್ಲೆಲ್ಲ ನೀರು. ಬಿಡುವಾದರೆ ಮುಂದಿನ ತಿಂಗಳು ಬರುತ್ತೇನೆ.

ತಬಸುಮ್


ಮೊರಬ
20 ಆಗಸ್ಟ್ 2025

ಪ್ರೀತಿಯ ತಬಸುಮ್,

ನೀನು ಬರುತ್ತೇನೆ ಬರುತ್ತೇನೆ ಎನ್ನುವುದನ್ನು ನಾನು ಈಗ ನಂಬುವುದನ್ನು ಬಿಟ್ಟಿದ್ದೇನೆ. ಬಂದಾಗ ಬಾ. ಫ್ರೀಜರಿನಲ್ಲಿ ಮಾವಿನ ರಸ ನಿನಗಾಗಿ ಎತ್ತಿಟ್ಟಿದ್ದೇನೆ, ದಾನೀಶನ ಕಣ್ಣು ತಪ್ಪಿಸಿ.

ಇಲ್ಲಿ ಹೆಸರುಕಾಯಿ ಬಿಡಿಸುವ ಸುಗ್ಗಿ. ಮಳೆ ಬರುವುದರೊಳಗೆ ಕಾಯಿ ಮನೆಗೆ ತರಬೇಕೆಂದು ಊರಿಗೆ ಊರೇ ಹೊಲದಲ್ಲಿದೆ. ಮನೆಯ ಕೆಲಸಕ್ಕೆ ಒಂದು ಆಳು ಸಿಗುವುದಿಲ್ಲ. ಪುಣ್ಯಕ್ಕೆ ಶುಕ್ರವಾರ ಜೈನಬಿ ಬರುತ್ತಾಳೆ. ಪೊಟ್ಟಣವನ್ನು ನೀರಿನಲ್ಲಿಟ್ಟು ಅದು ಕರಗಿ ಬಿಡುವ ತನಕ ಕಾಯಬೇಕಲ್ಲ, ಅಲ್ಲಿಯವರೆಗೆ ಅವಳು ಸುಮ್ಮನೆ ಕೂಡುವವಳಲ್ಲ. ಮೊದಲು ತಾನಾಗಿಯೇ ಕಸಬರಿಗೆ ಹಿಡಿದಳು, ನಾನೇನೂ ಹೇಳಿರಲಿಲ್ಲ. ಈಗ ಅಂಗಳ ಬಳಿಯುತ್ತಾಳೆ, ಕಾಳು ಹಸನು ಮಾಡುತ್ತಾಳೆ, ಹೋದ ವಾರ ದಾನೀಶನ ಎಣ್ಣೆಜಿಡ್ಡಿನ ಅಂಗಿಗಳನ್ನೂ ಒಗೆದಳು. ಅವಳ ಕೈಯಲ್ಲಿ ಒಗೆದ ಬಟ್ಟೆ ನೋಡಲು ಚೆಂದ.

ಆದರೆ ಅವಳಿಗೆ ಈಚೆಗೆ ಸ್ವಲ್ಪ ಹೊಂದಿಕೆ ಸಾಲದು. ಹೆಸರು ಬಿಡಿಸಲು ಕೂಲಿಗೆ ಹೋಗಿ ಒಂದು ಶುಕ್ರವಾರ ಬರಲೇ ಇಲ್ಲ. ನಾನು ಕಾಳು ಹರವಿಕೊಂಡು ಕಾದದ್ದೇ ಬಂತು. ಮರುವಾರ ಬಂದವಳಿಗೆ ಒಂದೇ ಪೊಟ್ಟಣ ಕೊಟ್ಟೆ. ಬಾರದ ವಾರದ್ದನ್ನು ಹೇಗೆ ಕೊಡುವುದು? ಒಮ್ಮೆ ಸಡಿಲ ಬಿಟ್ಟರೆ ರೂಢಿಯಾಗುತ್ತದೆ. ಅವಳೂ ಕೇಳಲಿಲ್ಲ.

ನಿನ್ನ ಅಮ್ಮ


ಬಮ್ಮಿಗಟ್ಟಿ
1 ಸೆಪ್ಟೆಂಬರ್ 2025

ಅಮ್ಮಾ,

ಮೊನ್ನೆ ಶುಕ್ರವಾರ ನಾನು ಹೇಳದೆ ಬಂದೆ, ಮರುದಿನವೇ ಹೊರಟೆ. ಏಕೆ ಮುಖ ಊದಿಸಿಕೊಂಡಿದ್ದೀ ಎಂದು ನೀನು ಎರಡು ಸಲ ಕೇಳಿದೆ. ನಿನಗೆ ಕೇಳುವಂತೆ ಹೇಳಬೇಕಾದರೆ ನಾನು ಕೂಗಬೇಕಾಗಿತ್ತು. ಕೂಗಿದ್ದರೆ ಓಣಿಗೆಲ್ಲ ಕೇಳುತ್ತಿತ್ತು. ಅದಕ್ಕೆ ಬಾಯಿ ಮುಚ್ಚಿಕೊಂಡು ಬಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಸ್ ಇಳಿದು ಅಂಗಳಕ್ಕೆ ಬಂದಾಗ ಕಂಡದ್ದನ್ನು ಬರೆಯುತ್ತೇನೆ, ನೀನೇ ಓದಿ ನೋಡು. ಮೆಟ್ಟಿಲ ಮೇಲೆ ಬೋಗುಣಿಯಲ್ಲಿ ಕಲ್ಲಿನಂಥ ಒಂದು ಪೊಟ್ಟಣ. ಅದರ ಪಕ್ಕದಲ್ಲಿ ಮೊಣಕಾಲೂರಿ ಕೂತು ಜೈನಬಿ ಚಾಚಿ ಅಂಗಳ ಬಳಿಯುತ್ತಿದ್ದಳು. ನೀನು ಒಳಗಿನಿಂದ ಹೇಳಿದೆ: "ಇನ್ನೂ ಗಡ್ಡಿ ಐತಿ, ಬಿಟ್ಟಿಲ್ಲ. ಅಷ್ಟರಾಗ ಹಿತ್ತಲದ್ದೂ ಬಳದ ಬಿಡ ಜೈನಬಿ." ಚಾಚಿ ತಲೆ ಎತ್ತದೆ "ಆತ್ರಿ" ಎಂದಳು. ನಿನಗೆ "ಆತ್ರಿ" ಎಂದಳು ಅಮ್ಮಾ! ಒಂದೇ ವರ್ಷ ಇಬ್ಬರೂ ಈ ಓಣಿಗೆ ಸೊಸೆಯರಾಗಿ ಬಂದವರು, ಒಂದೇ ತಾಟಿನಲ್ಲಿ ಉಂಡವರು, ನಿನ್ನನ್ನು ಇಷ್ಟು ವರ್ಷ "ಲೇ ಖೈರು" ಎಂದೇ ಕರೆದವಳು. ನಿನಗೆ ಅದು ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು.

ನನ್ನನ್ನು ನೋಡಿ ಎದ್ದಳು. "ಬಾ ಬೇಟಿ. ಕೈ ರಾಡಿ ಐತಿ, ಮುಟ್ಟಾಕ ಬರಂಗಿಲ್ಲ," ಎಂದು ದೂರ ನಿಂತಳು.

ಅಬ್ಬಾ ಇದ್ದಾಗಿನದು ನಿನಗೆ ನೆನಪಿಲ್ಲವೇ? ಚಾಚಿಯ ಪಾಲು ಹೊಸ್ತಿಲು ದಾಟುವ ತನಕ ನಮ್ಮ ಒಲೆಯ ಮೇಲೆ ಪಾತ್ರೆ ಇಡಲು ಬಿಡುತ್ತಿರಲಿಲ್ಲ. ಕೊಯ್ಯುವವನಿಗೆ ಕೂಲಿಯನ್ನು ಬೇರೆಯಾಗಿ, ರೊಕ್ಕದಲ್ಲೇ, ಚೂರಿ ಹಿಡಿಯುವ ಮೊದಲೇ ಕೊಟ್ಟುಬಿಡುತ್ತಿದ್ದರು. ಕುರ್ಬಾನಿಯ ಒಂದು ತುಂಡು ಸಹ ಯಾರ ಕೆಲಸಕ್ಕೂ ಕೂಲಿಯಾಗಬಾರದು, ಕೂಲಿಯಾದರೆ ಅದು ಕುರ್ಬಾನಿಯೇ ಅಲ್ಲ ಎಂದು ನನಗೂ ದಾನೀಶನಿಗೂ ಕಲಿಸಿದವರು ಅವರು. ಅವರ ಹೆಸರಿನ ಕುರ್ಬಾನಿಯಿಂದಲೇ ನೀನು ಚಾಚಿಗೆ ಕಸ ಹೊಡೆಸಿದೆ, ಬಟ್ಟೆ ಒಗೆಸಿದೆ, ಬಾರದ ದಿನದ್ದನ್ನು ಹಿಡಿದುಕೊಂಡೆ. ಆಳಿನ ಪಗಾರ ಮುರಿಯುವ ಹಾಗೆ ಮುರಿದೆ. ನೀನು ಅದನ್ನು ಪತ್ರದಲ್ಲಿ ಬರೆದಾಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕಣ್ಣಾರೆ ಕಂಡ ಮೇಲೆ ತಡೆಯಲಾಗುತ್ತಿಲ್ಲ.

ಅಬ್ಬಾನಿಗೆ ಆ ಕುರ್ಬಾನಿಯ ಸವಾಬು ಮುಟ್ಟಿತೋ ಇಲ್ಲವೋ ಅಮ್ಮಾ? ಅದೊಂದನ್ನು ಯೋಚಿಸಿ ನನಗೆ ನಿದ್ದೆ ಇಲ್ಲ.

ತಬಸುಮ್


ಮೊರಬ
8 ಸೆಪ್ಟೆಂಬರ್ 2025

ತಬಸುಮ್,

ನಿನ್ನ ಪತ್ರ ಓದಿದೆ. ಹೆತ್ತ ಮಗಳು ಇಂಥ ಮಾತು ಬರೆಯುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

ರಮಜಾನಿಗೆ ಅವಳಿಗೆ ಸೀರೆ ಕೊಟ್ಟವಳು ಯಾರು? ಅವಳು ಜ್ವರ ಬಂದು ಮಲಗಿದಾಗ ಗಂಜಿ ಕಳಿಸಿದವಳು ಯಾರು? ಅವಳ ಪಾಲಿನ ಒಂದು ಚೂರನ್ನಾದರೂ ನಾನು ನನ್ನ ಗಡಿಗೆಗೆ ಹಾಕಿಕೊಂಡೆನೇ? ಅವಳು ಬಾರದ ವಾರದ ಪೊಟ್ಟಣವೂ ಒಳಗೇ ಇದೆ, ಬಂದು ತೆಗೆದು ನೋಡು. ನಾನು ಮಾಡಿದ್ದೆಲ್ಲ ಹಾಳಾಗಬಾರದು ಎಂದು. ಕಸಬರಿಗೆಯನ್ನು ಅವಳ ಕೈಗೆ ನಾನು ಕೊಟ್ಟಿಲ್ಲ, ಅವಳೇ ಹಿಡಿದಳು.

ಇನ್ನು ಈ ಮಾತು ಬರೆಯಬೇಡ.

ಖೈರುನಬಿ


ಬಮ್ಮಿಗಟ್ಟಿ
16 ಸೆಪ್ಟೆಂಬರ್ 2025

ಅಮ್ಮಾ,

ನೀನು ತಿನ್ನಲಿಲ್ಲ, ಗೊತ್ತು. ಹಬ್ಬದ ದಿನ ಚಾಚಿ ಏನು ತಿಂದಳು? ಅದೊಂದನ್ನು ಅವಳನ್ನೇ ಕೇಳಿ ನನಗೆ ಬರೆ.

ತಬಸುಮ್


ಮೊರಬ
5 ಅಕ್ಟೋಬರ್ 2025

ಮಗಳೇ ತಬಸುಮ್,

ನಿನ್ನ ಎರಡು ಸಾಲಿನ ಪತ್ರಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಮೊದಲು ಸಿಟ್ಟಿನಿಂದ ಬರೆಯಲಿಲ್ಲ. ಆಮೇಲೆ ಹೆದರಿಕೆಯಿಂದ ಬರೆಯಲಿಲ್ಲ. ಫ್ರೀಜರಿನ ಬಾಗಿಲು ತೆಗೆದಾಗಲೆಲ್ಲ ಆ ಪೊಟ್ಟಣಗಳು ನನ್ನನ್ನೇ ನೋಡಿದಂತಾಗುತ್ತಿತ್ತು. ಎರಡು ಶುಕ್ರವಾರ ಜೈನಬಿ ಬಂದಾಗ ನಾನು ಕಾಯಿಸದೆ, ಗಡ್ಡೆಯನ್ನೇ ಕೈಗಿಟ್ಟು ಕಳಿಸಿದೆ. ಅವಳು ನನ್ನ ಮುಖವನ್ನೂ ಕಸಬರಿಗೆಯನ್ನೂ ನೋಡಿ ಹೊರಟುಹೋದಳು.

ಮಸೀದಿಯ ಪೇಶ್ ಇಮಾಮರು ಫಾತೆಹಾದ ಪ್ರಾರ್ಥನೆ ಓದಲು ಮನೆಗೆ ಬಂದಿದ್ದರು. ಪಾಲು ಇಸಿದುಕೊಂಡವರು ಮನೆಗೆಲಸ ಮಾಡಿಕೊಟ್ಟರೆ ಕುರ್ಬಾನಿ ಕೆಡುತ್ತದೆಯೇ ಎಂದು, ಯಾರದೋ ಮನೆಯ ಮಾತೆಂಬಂತೆ ಕೇಳಿದೆ. ಅವರು ನನ್ನ ಬಲಗಿವಿಯ ಹತ್ತಿರ ಬಂದು, "ಪಾಲು, ಹಿಸ್ಸಾ ಅಂತ ಕೊಟ್ರೋ, ಕೂಲಿ ಅಂತ ಕೊಟ್ರೋ, ಅದು ಇಸಗೊಂಡೋರಿಗೆ ಗೊತ್ತಿರ್ತೈತ್ರಿ. ಅವರನ್ನ ಕೇಳ್ರಿ," ಎಂದರು. ಯಾರ ಮನೆಯ ಮಾತೆಂದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಮೊನ್ನೆ ಶುಕ್ರವಾರ ಜೈನಬಿ ಬರುವ ಮೊದಲೇ ಹೋಗಬೇಕೆಂದು, ಉಳಿದ ಪೊಟ್ಟಣಗಳನ್ನೆಲ್ಲ ದೊಡ್ಡ ಪಾತ್ರೆಗೆ ತುಂಬಿ ಬೆಳಿಗ್ಗೆ ನಾನೇ ಹೊತ್ತುಕೊಂಡು ಅವಳ ಮನೆಗೆ ನಡೆದೆ. ದಾನೀಶ್ ತರುತ್ತೇನೆ ಎಂದ, ಬೇಡ ಎಂದೆ. ಓಣಿಯ ತುದಿಯ ಮನೆ. ಅಬ್ದುಲಮಜೀದ ತೀರಿಕೊಂಡ ಮೇಲೆ ನಾನು ಆ ಹೊಸ್ತಿಲು ತುಳಿದದ್ದು ಎಷ್ಟು ಸಲ ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ. ಯಾವಾಗಲೂ ಅವಳೇ ಬರುತ್ತಿದ್ದಳು.

ಅವಳು ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪಾತ್ರೆ ನೋಡಿ ಏಳಲು ಹೋದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ನೀನು ಬರೆದದ್ದನ್ನೇ ಕೇಳಿದೆ: "ಜೈನಬಿ, ಬಕ್ರೀದ್ ದಿನಾ ನೀ ಏನ್ ಉಂಡಿ?"

ಅವಳು ಮೊದಲು ಮೆಲ್ಲಗೆ ಹೇಳಿದಳು. ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ನಾನು ಕಿವಿಗೆ ಕೈ ಹಿಡಿದೆ. ಆಗ ಅವಳು ಕೂಗಿದಳು ತಬಸುಮ್. ಓಣಿಗೆಲ್ಲ ಕೇಳಿತು.

"ಉಳ್ಳಾಗಡ್ಡಿ! ಉಳ್ಳಾಗಡ್ಡಿ ಮಸಾಲಿ ಎಣ್ಣ್ಯಾಗ ಹುರಿದು ರೊಟ್ಟಿ ತಿಂದೆ. ಖೈರುನಬಿ ಮನ್ಯಾಗಿಂದ ಪಾಲು ಬರ್ತೈತಿ ಅಂತ ಎಲ್ಲಾರೂ ನನ್ನ ಬಾಗಲಾ ದಾಟಿ ಹೋದ್ರು. ನೀ ನನ್ನ ಬರಿ ಪಾತ್ರಿ ಕೊಟ್ಟ ಕಳಿಸಿದಿ. ವಾಸನಿ ಬರದಿದ್ರ ಬಾಜೂದವರು ಏನರ ತಿಳಕೊಂಡಾರು ಅಂತ ಮಸಾಲಿ ಹುರಿದೆ. ನಿನ್ನ ಮರ್ಯಾದಿ ಕಾದೆ ಖೈರು, ನಂದಲ್ಲ!"

ಆ ದಿನ ನಾವು ಇಲ್ಲಿ ಬಿರಿಯಾನಿ ಮಾಡಿದ್ದೆವು. ಬಂದವರಿಗೆಲ್ಲ ಫ್ರೀಜರಿನ ಬಾಗಿಲು ತೆಗೆತೆಗೆದು ತೋರಿಸಿದ್ದೆ, ಜೈನಬಿಯ ಪಾಲು ಹೇಗೆ ಜೋಡಿಸಿಟ್ಟಿದ್ದೇನೆ ನೋಡಿ ಎಂದು.

ಪಾತ್ರೆಯನ್ನು ಅವಳ ಕಡೆ ಸರಿಸಿದೆ. "ಇದು ನಿನ್ನ ಹಿಸ್ಸಾ. ತಗೋ. ಇದರ ಸಂಗಾಟ ಏನೂ ಕೆಲಸಾ ಇಲ್ಲ," ಎಂದೆ. ಅವಳು ಮುಟ್ಟಲಿಲ್ಲ.

"ಹಿಸ್ಸಾ ಆಗಬೇಕಾದ್ರ ನನ್ನ ಕೂಲಿ ಬ್ಯಾರೆ ಕೊಡು," ಎಂದಳು. ಅದನ್ನೂ ಗಟ್ಟಿಯಾಗಿಯೇ ಹೇಳಿದಳು. "ಅಂಗಳಾ ಬಳದಿದ್ದು, ಕಾಳ ಹಸನ ಮಾಡಿದ್ದು, ನಿನ್ನ ಮಗನ ಅಂಗಿ ಒಗದಿದ್ದು. ಊರಾಗ ಏನ್ ಕೊಡ್ತಾರೋ ಅದನ್ನ ಕೊಡು. ಹೆಚ್ಚಿಗಿ ಬ್ಯಾಡ. ಅಂದ್ರ ಕಾಸೀಮಸಾಬರ ಕುರ್ಬಾನಿ ಕುರ್ಬಾನಿ ಆಗತೈತಿ. ಇಲ್ಲಂದ್ರ ಆ ದೊಡ್ಡ ಮನಶ್ಯಾನ ಹೆಸರಿಲೆ ನಾ ಕಸಾ ಹೊಡದಂಗ ಆಗತೈತಿ."

ಜೈನಬಿ ನನ್ನ ಹತ್ತಿರ ಕೂಲಿ ಕೇಳುತ್ತಾಳೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಿನಗೆ ಹೇಳುತ್ತೇನೆ, ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ತಿಳಿಯಿತು, ನಿನ್ನ ಅಬ್ಬಾನಿಗೆ ಅದು ಮುಟ್ಟಬೇಕಾದರೆ ಇರುವ ದಾರಿ ಅದೊಂದೇ, ಮತ್ತು ಆ ದಾರಿಯನ್ನು ನನಗಿಂತ ಮೊದಲು ಹುಡುಕಿದವಳು ಅವಳು. ಮನೆಗೆ ಬಂದೆ, ರೊಕ್ಕ ತೆಗೆದುಕೊಂಡು ಮತ್ತೆ ಹೋದೆ. ಗುರವ್ವ, ಅವಳ ಸೊಸೆ, ಇನ್ನೂ ಯಾರು ಯಾರೋ ಬಾಗಿಲಲ್ಲಿ ನಿಂತಿದ್ದರು. ಅವರೆಲ್ಲರ ಮುಂದೆ ನಡೆದೆ. ಜೈನಬಿ ಎಣಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಮುಟ್ಟಿಸಿ ಒಳಗೆ ಇಟ್ಟಳು. ನಾನು ಅತ್ತೆ. ಅವಳು ಅಳಲಿಲ್ಲ.

ಏಳುವಾಗ ಕೇಳಿದೆ: "ಬರೋ ಶುಕ್ರವಾರ ಬರ್ತಿಯಿಲ್ಲೋ?"

"ಕೆಲಸಕ್ಕೋ, ಸುಮ್ನೋ?"

"ಸುಮ್ನ ಬಾ. ಕುಂತು ಮಾತಾಡೂಣು."

ಅವಳು ಬೆಳ್ಳುಳ್ಳಿಯ ಸಿಪ್ಪೆ ಊದಿ, ನನಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದಳು: "ಸುಮ್ನ ಆದ್ರ ನೀ ಬಾ. ನಾ ಬಾಳ ಸಲ ಬಂದೇನಿ."

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು, ಕೇಳಲು ಧೈರ್ಯವಾಗಲಿಲ್ಲ. ಬರುವ ಶುಕ್ರವಾರ ಹೋಗಬೇಕು. ಏನು ಒಯ್ಯಲಿ ಎಂದು ನಿನ್ನೆಯಿಂದ ಫ್ರೀಜರಿನ ಬಾಗಿಲು ತೆಗೆಯುತ್ತಿದ್ದೇನೆ, ಮುಚ್ಚುತ್ತಿದ್ದೇನೆ. ಏನನ್ನೂ ಒಯ್ಯಬಾರದು ಎಂದು ಗೊತ್ತು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಿ ಕೂತು ಬರುವುದು ಹೇಗೆ ತಬಸುಮ್? ನನಗೆ ಬರುವುದಿಲ್ಲ.

ನಿನ್ನ ಅಮ್ಮ
ಖೈರುನಬಿ